ಬೈರಪ್ಪನ ನಿವೃತ್ತಿ ಮತ್ತು ಗೇಟ್ ಪಾಸ್

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ, ಅದು ಸೋಮವಾರವಾಗಿತ್ತು. ಆಮೇಲೆ ಲಗ್ಗೆರೆಯ ಲೇತ್ ಅಂಗಡಿ, ಬೊಮ್ಮನಹಳ್ಳಿಯ ಗಾರ್ಮೆಂಟ್ಸು, ಎಲ್ಲವನ್ನೂ ಹೇಳದೆ ಕೇಳದೆ ಬಿಟ್ಟೆ. ಹೇಳಿ ಬಿಡಲು ಹೋಗಿ ಸಿಕ್ಕಿಬಿದ್ದದ್ದು ಬೇಗೂರಿನಾಚೆಯ 'ಸಂಜೆಬೆಳಕು' ಹಿರಿಯರ ನಿವಾಸದಲ್ಲಿ ಮಾತ್ರ. ಅಲ್ಲಿ ನಾನು ವೀಲ್‌ಚೇರ್ ತಳ್ಳುತ್ತಿದ್ದೆ.

ನಿವಾಸಿಗಳೆಲ್ಲ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕೆಲಸ ಬಿಡ್ತೀನಿ ಅಂದದ್ದೇ ಅವರ ಸಂಘದ ಕಾರ್ಯದರ್ಶಿ, ಎಪ್ಪತ್ತಾರರ ಸುಬ್ರಹ್ಮಣ್ಯ, ಕೆಂಡವಾದರು.

"ಸೆಂಡಾಫ್ ಇಲ್ದೆ ಹೋಗ್ತೀಯೇನೋ ಬೈರಪ್ಪ? ನಾವೇನು ಸತ್ತೋಗಿದೀವಾ?"

ಶಾಲು, ಏಲಕ್ಕಿ ಹಾರ, ಗೋಡೆ ಗಡಿಯಾರ, ಖಾರಾಭಾತ್, ಗುಂಪು ಫೋಟೋ. ನನ್ನ ಸುದೀರ್ಘ ಸೇವೆಯನ್ನು ನೆನೆದು ಹಲವರು ಅತ್ತರು. ಸೇರಿ ನಾಲ್ಕು ತಿಂಗಳಾಗಿತ್ತು.

ಮರುದಿನ ಮ್ಯಾನೇಜರ್ ರಂಜನಿ ಮೇಡಂ ಕರೆದರು. ಯಾವ ಕೋಣೆಯೂ ಖಾಲಿ ಇರಕೂಡದೆಂದು ಹೆಡ್ ಆಫೀಸಿನ ಆದೇಶವಿತ್ತು, ಒಂದು ಖಾಲಿಯಿತ್ತು.

"ಇಲ್ಲಿ ನಿವೃತ್ತರಿಗೆ ಪ್ರವೇಶ. ನೀವು ನಿನ್ನೆ ನಿವೃತ್ತರಾದ್ರಿ. ಫೋಟೋ ಇದೆ."

"ಮೇಡಂ, ನಂಗಿನ್ನೂ ಮೂವತ್ತೊಂಬತ್ತು."

"ವಿಆರ್‌ಎಸ್ ಅಂತ ಹಾಕ್ಕೋತೀವಿ ಬಿಡಿ."

"ಬಾಡಿಗೆ ಯಾರು ಕೊಡ್ತಾರೆ?"

"ಅದು ಬೇರೆ ಡಿಪಾರ್ಟ್‌ಮೆಂಟು."

ಸಂಜೆ ನೋಟಿಸ್ ಬೋರ್ಡಿನಲ್ಲಿ ಪ್ರಕಟಣೆ ಬಂತು: 'ನಲವತ್ತರೊಳಗಿನ ಹಿರಿಯ ನಾಗರಿಕರಿಗೂ ಉಪ್ಪಿಲ್ಲದ ಉಪ್ಪಿಟ್ಟೇ ಅನ್ವಯಿಸತಕ್ಕದ್ದು.' ವೀಲ್‌ಚೇರ್ ತಳ್ಳುವ ಹುದ್ದೆ ತೆರವಾಗಿದ್ದರಿಂದ ಸುಬ್ರಹ್ಮಣ್ಯರೇ ನನ್ನನ್ನು ತಳ್ಳತೊಡಗಿದರು. ಅವರ ಮಂಡಿನೋವು ವಾಸಿಯಾಯಿತು.

ನನಗೋ ಒಂದೆಡೆ ನಿಲ್ಲದ ಕಾಲು. ಆಚೆ ಬಸ್ಸಿನ ಹಾರನ್ ಕೇಳಿದರೆ ಉಪ್ಪಿಟ್ಟು ಗಂಟಲಿಗಿಳಿಯದು. ತಡೆಯಲಾರದೆ ಒಂದು ಬೆಳಿಗ್ಗೆ ಗೇಟಿಗೆ ನಡೆದೆ. ವಾಚ್‌ಮನ್ ನೀಲಪ್ಪನಿಗೆ ಅರವತ್ತು.

"ಎಲ್ಲಿಗೆ ತಾತ? ಆಚೆ ಓಗಕ್ಕೆ ಮಕ್ಕಳ ಸೈನ್ ಬೇಕು."

"ನಂಗೆ ಮದ್ವೇನೇ ಆಗಿಲ್ಲ ಕಣಣ್ಣ."

"ಅದು ನಿಮ್ಮನೆ ವಿಸ್ಯ."

ಹಿಂದೆಯೇ ಬಂದಿದ್ದ ಸುಬ್ರಹ್ಮಣ್ಯ ಜೇಬಿನಿಂದ ಪೆನ್ನು ತೆಗೆದು, ಗೇಟ್ ಪಾಸಿನಲ್ಲಿ 'ಹಿರಿಯ ಮಗ' ಎಂದು ಬರೆದು ಸಹಿ ಹಾಕಿದರು.

ರಂಜನಿ ಮೇಡಂ ಕೂಲಂಕಷವಾಗಿ ಪರಿಶೀಲಿಸಿದರು. "ಮಗನಿಗೆ ಹದಿನೆಂಟು ತುಂಬಿರ್ಬೇಕು. ತುಂಬಿದೆ." ಸೀಲು ಬಿತ್ತು. ಕೋಣೆ ಮಾತ್ರ ಭರ್ತಿಯೆಂದೇ ಉಳಿಯಿತು. ದಾಖಲೆಯ ಪ್ರಕಾರ ನಾನು ವಾಕಿಂಗ್ ಹೋಗಿರುತ್ತೇನೆ.

ಈಗ ಬ್ಯಾಗು ತುಂಬುತ್ತಿದ್ದೇನೆ. ಗಡಿಯಾರ ಅದರಲ್ಲಿ ಹಿಡಿಯುತ್ತಿಲ್ಲ. ಬಾಗಿಲಲ್ಲಿ ನನ್ನ ಮಗ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಾನೆ.

"ಸ್ವೆಟರ್ ಇಟ್ಕೊಂಡ್ಯೇನಪ್ಪಾ?" ಎನ್ನುತ್ತಾನೆ. "ತಲುಪಿದ ತಕ್ಷಣ ಫೋನ್ ಮಾಡು."