ಮಾವ ಆಕಾಶದಲ್ಲಿ, ಸ್ಕ್ಯಾನರ್ ನನ್ನ ಕೈಯಲ್ಲಿ

ಈ ಸಲದ ವಿಮಾನ ಪ್ರದರ್ಶನದಲ್ಲಿ ನನ್ನ ಮಾವನ ದನಿಯನ್ನು ಆಕಾಶದಿಂದ ಹಿಡಿದು ತಂದು ನನ್ನ ಹೆಂಡತಿಯ ಕಿವಿಗೆ ಹಾಕಿಯೇ ತೀರುತ್ತೇನೆಂದು ನಾನು ಏಪ್ರಿಲ್ ತಿಂಗಳಲ್ಲೇ ಊಟದ ಮೇಜಿನ ಮುಂದೆ ಪ್ರತಿಜ್ಞೆ ಮಾಡಿಬಿಟ್ಟೆ. ಗಂಗೆಯನ್ನು ಇಳಿಸಲು ಭಗೀರಥನಿಗೆ ತಪಸ್ಸು ಬೇಕಾಯಿತು. ನನಗೆ ಅಂಗೈಯಗಲದ ಒಂದು ಸ್ಕ್ಯಾನರ್ ಸಾಕಾಗಿತ್ತು!

"ಅದೇನು, ಹಳೇ ಟ್ರಾನ್ಸಿಸ್ಟರಾ?" ಎಂದಳು ಆರ್ಲಿಸ್. ಆರ್ಲಿಸ್ ಎಂದರೆ ನನ್ನ ಹೆಂಡತಿ.

"ಪೈಲಟ್‌ಗಳು ಮೇಲೆ ಮಾತಾಡೋದೆಲ್ಲ ಇದರಲ್ಲಿ ಕೇಳುತ್ತೆ. ನಿಮ್ಮಪ್ಪ ಅಲ್ಲಿ ಕೆಮ್ಮಿದ್ರೂ ನಿನಗೆ ಇಲ್ಲಿ ಕೇಳಿಸ್ತೀನಿ."

"ಅಪ್ಪ ಎದುರಿಗೆ ಕೂತು ಹೇಳಿದ್ದೇ ನಿನಗೆ ಇದುವರೆಗೆ ಕೇಳಿಸಿಲ್ಲ, ಗಾರ್ಡಿ," ಎನ್ನುತ್ತಾ ಅವಳು ನನ್ನ ತಟ್ಟೆಗೆ ಆಲೂಗಡ್ಡೆ ಹಾಕಿದಳು.

ಮಾವ ಆರ್ವಿನ್ ಟೊಲೆಫ್ಸನ್ ಅವರಿಗೆ ಎಂಬತ್ತೆರಡು. ಪ್ರಾಯದಲ್ಲಿ ನಾಲ್ಕು ವರ್ಷ ಸೈನ್ಯದಲ್ಲಿದ್ದು, ಪೈಲಟ್‌ಗಳಿಗೆ ಹಾರಾಟ ಕಲಿಸುವ ಎರಡು ಸೀಟಿನ ಹಳದಿ ವಿಮಾನಗಳನ್ನು ರಿಪೇರಿ ಮಾಡಿದವರು. ಅವರು ಬಿಗಿದ ಬೋಲ್ಟುಗಳೆಲ್ಲ ಆಕಾಶ ನೋಡಿ ಬಂದವು, ಅವರು ಮಾತ್ರ ಒಂದು ದಿನವೂ ಅವುಗಳಲ್ಲಿ ಹಾರಿರಲಿಲ್ಲ. ಅಂಥದ್ದೇ ಒಂದು ವಿಮಾನ ಈ ಸಲ ನಮ್ಮ ಹ್ಯಾಲ್ವರ್ ಫಾಲ್ಸ್‌ನ ಪ್ರದರ್ಶನಕ್ಕೆ ಬರುತ್ತದೆಂದು ತಿಳಿದಾಗ ಆರ್ಲಿಸ್ ಅದರ ಪೈಲಟ್‌ಗೆ ಎರಡು ಪುಟದ ಕಾಗದ ಬರೆದಳು. ಆತ ಒಪ್ಪಿದ. ಮಧ್ಯಾಹ್ನದ ಬಿಡುವಿನಲ್ಲಿ, ಹಿಂದಿನ ಸೀಟಿನಲ್ಲಿ, ಎಂಟು ನಿಮಿಷ. ಅಷ್ಟೇ ಸಿಗುವುದು. ಮಾವ ಆ ಏಪ್ರಿಲ್‌ಗೆ ಮುಂಚಿನ ಚಳಿಗಾಲವಿಡೀ ಹಿಮ ಗೋರುವಾಗಲೂ ಎಂಟು ನಿಮಿಷ ಎಂದರೆ ಎಷ್ಟು ಹೊತ್ತು ಎಂದು ಗಡಿಯಾರ ನೋಡಿಕೊಳ್ಳುತ್ತಿದ್ದರು.

ನನ್ನ ಬಗ್ಗೆ ಮಾವನಿಗಿದ್ದ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು? ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಅವರು ನನ್ನನ್ನು ಯಾರಿಗೂ ಅಳಿಯ ಎಂದು ಪರಿಚಯ ಮಾಡಿಕೊಟ್ಟಿಲ್ಲ. "ಇವನು ಆರ್ಲಿಸ್ ಕಟ್ಟಿಕೊಂಡವನು" ಎನ್ನುತ್ತಾರೆ. ಅವರ ಬಟ್ಟೆ ಒಗೆಯುವ ಯಂತ್ರ, ಅವರ ದೋಣಿಯ ಮೋಟಾರು, ಎರಡನ್ನೂ ನಾನೇ ರಿಪೇರಿ ಮಾಡಿಕೊಟ್ಟೆ. ನಾನು ಮುಟ್ಟಿದ ಮೇಲೆ ಅವು ಮತ್ತೆಂದೂ ಕೆಡಲಿಲ್ಲ, ಕೆಡಲು ಅವುಗಳಲ್ಲಿ ಏನೂ ಉಳಿದಿರಲಿಲ್ಲ. ಆದ್ದರಿಂದ ಈ ಸ್ಕ್ಯಾನರ್ ನನ್ನ ಮಾನದ ಪ್ರಶ್ನೆಯಾಗಿತ್ತು.

ಪ್ರದರ್ಶನದ ದಿನ ಬೆಳಿಗ್ಗೆ ಆರಕ್ಕೇ ಹೋಗಿ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಪಕ್ಕ ಮೂರು ಮಡಿಸುವ ಕುರ್ಚಿ ಹಾಕಿ ಜಾಗ ಹಿಡಿದೆ. ಕಿವಿಗೆ ದೊಡ್ಡ ಹೆಡ್‌ಫೋನ್, ಸೊಂಟಕ್ಕೆ ಸ್ಕ್ಯಾನರ್, ಕೈಯಲ್ಲಿ ಚಾನೆಲ್‌ಗಳ ಪಟ್ಟಿ. ಪ್ರದರ್ಶನದ ಚಾನೆಲ್ ಒಂದೇ ಸಾಕು ಎಂದು ಸ್ಕ್ಯಾನರ್ ಜೊತೆ ಬಂದ ಪುಸ್ತಕದಲ್ಲಿ ಬರೆದಿತ್ತು. ಒಂದೇ ಸಾಕು ಎನ್ನುವುದು ಹೊಸಬರಿಗೆ! ನಾನು ಸುತ್ತಲಿನ ಸಣ್ಣ ವಿಮಾನ ನಿಲ್ದಾಣಗಳ ಚಾನೆಲನ್ನೂ ಸೇರಿಸಿ ನಲವತ್ತು ತುಂಬಿದ್ದೆ. ಸ್ಕ್ಯಾನರ್ ಒಂದರಿಂದ ಒಂದಕ್ಕೆ ಜಿಗಿಯುತ್ತಾ ಎಲ್ಲಿ ಮಾತು ಸಿಕ್ಕಿತೋ ಅಲ್ಲಿ ನಿಲ್ಲುತ್ತದೆ.

"ಸಣ್ಣ ಊರಿನ ನಿಲ್ದಾಣಗಳಿಗೆಲ್ಲ ಒಂದೇ ಚಾನೆಲ್," ಎಂದು ಆರ್ಲಿಸ್‌ಗೆ ಪಾಠ ಮಾಡಿದೆ. "ಅದಕ್ಕೇ ಪೈಲಟ್‌ಗಳು ಮಾತಿನ ಮೊದಲು ಒಂದ್ಸಲ, ಕೊನೆಗೆ ಒಂದ್ಸಲ ಊರಿನ ಹೆಸರು ಹೇಳ್ತಾರೆ. ಆಮೇಲೆ ಯಾರಿಗೂ ಗೊಂದಲ ಇಲ್ಲ."

"ಸರಿ. ನೀನು ಕಿರುಚೋದು ನಿಲ್ಲಿಸು. ಅಲ್ಲಿ ಸಾಸೇಜ್ ಮಾರೋನೂ ತಿರುಗಿ ನೋಡ್ತಿದ್ದಾನೆ."

ಹೆಡ್‌ಫೋನ್ ಹಾಕಿದವನಿಗೆ ತಾನು ಕಿರುಚುತ್ತಿರುವುದು ತಿಳಿಯುವುದಿಲ್ಲ. ಆದರೆ ಆ ಕಿರುಚಾಟದಿಂದಲೇ ನನಗೆ ಕೀರ್ತಿ ಬಂತು. "ಈಗ ಹೊಗೆ ಬಿಡ್ತಾನೆ ನೋಡಿ" ಎಂದೆ, ಎರಡು ಸೆಕೆಂಡಿಗೆ ಕೆಂಪು ವಿಮಾನ ಹೊಗೆ ಬಿಟ್ಟಿತು. "ಈಗ ತಲೆಕೆಳಗಾಗ್ತಾನೆ" ಎಂದೆ, ತಲೆಕೆಳಗಾಯಿತು. ಅಕ್ಕಪಕ್ಕದ ಕುರ್ಚಿಯವರು ಆಕಾಶ ಬಿಟ್ಟು ನನ್ನ ಬಾಯಿಯನ್ನೇ ನೋಡತೊಡಗಿದರು. ಒಬ್ಬ ಮಹನೀಯರು ಕರಿದ ಚೀಸಿನ ಪೊಟ್ಟಣವನ್ನೇ ನನ್ನ ಮುಂದೆ ಹಿಡಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಏನಾಗುತ್ತದೆಂದು ಗೊತ್ತಲ್ಲ, ನನಗೂ ಅದೇ ಆಯಿತು.

ಹನ್ನೆರಡೂವರೆಗೆ ಮಾವ ಹಳದಿ ವಿಮಾನ ಹತ್ತಿದರು. ಹತ್ತುವ ಮುನ್ನ ಎಂಜಿನ್ನಿನ ಪಕ್ಕ ನಿಂತು ಒಂದು ಬೋಲ್ಟನ್ನು ಬೆರಳಿನಿಂದ ತಿರುಗಿಸಿ ನೋಡಿದರು. ಆರ್ಲಿಸ್ ಕಣ್ಣೊರೆಸಿಕೊಂಡಳು. ವಿಮಾನ ಗುಡುಗಿಕೊಂಡು ಮೇಲೆದ್ದು ಕೆರೆಯ ಕಡೆ ತಿರುಗಿ ಮರಗಳಾಚೆ ಮರೆಯಾಯಿತು.

"ಅಪ್ಪ ಏನಂತಿದ್ದಾರೆ?" ಎಂದಳು.

"ತಾಳು, ಬರುತ್ತೆ," ಎಂದೆ. ಆಗ ಬಂತು. ಸ್ಕ್ಯಾನರ್ ಜಿಗಿಯುತ್ತಾ ಬಂದು ಯಾರದೋ ಮಾತಿನ ನಡುವೆ ನಿಂತಿತು: "...ಹಳದಿ ವಿಮಾನ, ಎಂಜಿನ್ ಇಲ್ಲದೆ ಇಳೀತಿದ್ದೀನಿ..."

ಮುಂದಿನದನ್ನು ಕೇಳಲು ನಾನಲ್ಲಿ ಇದ್ದರೆ ತಾನೆ! ಹೆಡ್‌ಫೋನನ್ನೂ ಸ್ಕ್ಯಾನರನ್ನೂ ಕಿತ್ತು ಕುರ್ಚಿಗೆ ಎಸೆದು, ಹಗ್ಗ ಹಾರಿ, ಅಗ್ನಿಶಾಮಕ ಲಾರಿಯ ಕಡೆ ಓಡಿದೆ. ಹಗ್ಗ ಹಾರಿದೆ ಎಂದೆನೆ? ಹಗ್ಗಕ್ಕೆ ಕಾಲು ಸಿಕ್ಕಿ ಬಿದ್ದು, ಎದ್ದು ಓಡಿದೆ.

ಲಾರಿಯಲ್ಲಿ ಡುವೇನ್ ಕುಬಿಯಾಕ್ ಇದ್ದ. ನಮ್ಮೂರಿನ ಅಗ್ನಿಶಾಮಕ ದಳದಲ್ಲಿ ಸಂಬಳದವರು ಯಾರೂ ಇಲ್ಲ, ಎಲ್ಲರೂ ಸ್ವಯಂಸೇವಕರು. ಡುವೇನ್ ಒಂಬತ್ತು ವರ್ಷದಿಂದ ಪ್ರತಿ ಪ್ರದರ್ಶನಕ್ಕೂ ಆ ಮುದಿ ಲಾರಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂತು, ಏನೂ ಆಗದೆ ಬೇಸರದಿಂದ ಮನೆಗೆ ಹೋಗುತ್ತಿದ್ದವನು.

"ಡುವೇನ್, ಮಾವನ ವಿಮಾನದ ಎಂಜಿನ್ ನಿಂತುಹೋಗಿದೆ!"

"ಯಾರು ಹೇಳಿದ್ರು?"

"ಪೈಲಟ್ಟೇ ಹೇಳಿದ. ನನ್ನ ಕಿವಿಯಾರ ಕೇಳಿದೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು ಡುವೇನ್. ಸೈರನ್ ಹಾಕಿ, ಹುಲ್ಲಿನ ಮೇಲೆ ಹಾಯಿಸಿ, ಇರುವ ಒಂದೇ ರನ್‌ವೇಯ ನಟ್ಟನಡುವೆ ಲಾರಿ ತಂದು ನಿಲ್ಲಿಸಿದ. ನಿಲ್ಲಿಸಿದ ಎನ್ನುವುದಕ್ಕಿಂತ ಅದೇ ನಿಂತಿತು. ಒಂದು ಸಲ ಕೆಮ್ಮಿತು, ಕಪ್ಪು ಹೊಗೆ ಬಿಟ್ಟಿತು, ಆಮೇಲೆ ಕೀಲಿ ತಿರುಗಿಸಿದರೂ ಉಸಿರಿಲ್ಲ. ಆ ದಿನ ಹ್ಯಾಲ್ವರ್ ಫಾಲ್ಸ್‌ನಲ್ಲಿ ಎಂಜಿನ್ ಕೆಟ್ಟದ್ದು ಅದೊಂದರದೇ.

ಅಷ್ಟರಲ್ಲಿ ಆರ್ಲಿಸ್ ಸ್ಕ್ಯಾನರ್ ಹಿಡಿದುಕೊಂಡು, ಹೆಡ್‌ಫೋನಿನ ವೈರು ನೆಲದಲ್ಲಿ ಎಳೆದುಕೊಂಡು ಓಡಿಬಂದಳು.

"ಗಾರ್ಡಿ, ನೀನು ಬಿಟ್ಟು ಓಡಿದ ಮೇಲೆ ಅವನು ಇನ್ನೊಂದು ಮಾತು ಹೇಳಿದ. ಏನು ಗೊತ್ತಾ?"

"ಏನು?"

"'ಇದು ಬರೀ ಅಭ್ಯಾಸ, ಸ್ಟೋನ್ ಬೆಂಡ್' ಅಂದ. ಸ್ಟೋನ್ ಬೆಂಡ್ ಇಲ್ಲಿಂದ ನಲವತ್ತು ಮೈಲಿ, ಅದು ಬೇರೆ ಯಾರದೋ ವಿಮಾನ. ಕೊನೆಗೆ ಒಂದ್ಸಲ ಊರಿನ ಹೆಸರು ಹೇಳ್ತಾರೆ ಅಂತ ಪಾಠ ಮಾಡಿದವನು ಯಾರು?"

ಮರಗಳ ಮೇಲಿಂದ ಹಳದಿ ವಿಮಾನ ಗಟ್ಟಿಮುಟ್ಟಾಗಿ ಗುಡುಗುತ್ತಾ ಬಂದು, ರನ್‌ವೇ ಮೇಲಿದ್ದ ಲಾರಿಯನ್ನು ನೋಡಿ ಮತ್ತೆ ಮೇಲೇರಿತು. ಎಂಬತ್ತೆರಡು ವರ್ಷ ಕಾದ ಮುದುಕರಿಗೆ ಸಿಕ್ಕ ಎಂಟು ನಿಮಿಷವನ್ನು ನಾನು ಹಾಳು ಮಾಡಿದೆನಲ್ಲಾ! ಆರ್ಲಿಸ್‌ಳ ಮುಖ ನೋಡುವ ಧೈರ್ಯ ಬರಲಿಲ್ಲ.

ಪ್ರದರ್ಶನದಲ್ಲಿ ಯಾವ ವಿಮಾನ ಏರಬೇಕು, ಯಾವುದು ಇಳಿಯಬೇಕು ಎಂದು ರೇಡಿಯೋದಲ್ಲಿ ಅಪ್ಪಣೆ ಕೊಡುವವರು ಲೆನೋರ್ ಎಂಬ ಹೆಂಗಸು. ಅವರು ತಮ್ಮ ಅಟ್ಟಣಿಗೆಯಿಂದ ಇಳಿದು ಬಂದು ನನ್ನನ್ನು ಎರಡೇ ಪ್ರಶ್ನೆ ಕೇಳಿದರು. ಎಂಜಿನ್ ನಿಂತಿದೆ ಎಂದು ಹೇಳಿದ್ದು ಯಾರು, ಹೇಳಿದವರು ವಿಮಾನದಲ್ಲಿರುವವರಿಗೆ ಏನಾಗಬೇಕು. ಎರಡಕ್ಕೂ ಉತ್ತರಿಸಿದೆ. ಅವರು ಅದನ್ನು ಬರೆದುಕೊಂಡು ಅಟ್ಟಣಿಗೆಗೆ ಮರಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾವು ತಲೆ ತಗ್ಗಿಸಿಕೊಂಡು ಕುರ್ಚಿಗೆ ಮರಳಿದೆವು, ಅಂದರೆ ನಾನು ತಗ್ಗಿಸಿದ್ದೆ. ಆರ್ಲಿಸ್ ಹೆಡ್‌ಫೋನಿನ ವೈರು ಕಿತ್ತು, ಸ್ಕ್ಯಾನರನ್ನು ಪ್ರದರ್ಶನದ ಚಾನೆಲ್ ಒಂದರಲ್ಲೇ ನಿಲ್ಲಿಸಿ, ಮಡಿಲಲ್ಲಿಟ್ಟುಕೊಂಡು ದನಿ ಜೋರು ಮಾಡಿದಳು. ಸುತ್ತ ನಲವತ್ತು ಜನ ನೆರೆದರು. ಹತ್ತು ಆಳು ಸೇರಿ ಲಾರಿ ತಳ್ಳುತ್ತಿದ್ದರು, ಅದು ಕದಲುತ್ತಿರಲಿಲ್ಲ.

"ರನ್‌ವೇ ಮುಚ್ಚಿದೆ, ಕೆರೆ ಮೇಲೆ ಸುತ್ತುತ್ತಿರಿ. ಪೆಟ್ರೋಲ್ ಎಷ್ಟಿದೆ?" ಲೆನೋರ್ ದನಿ.

"ಇನ್ನೂ ನಾಲ್ಕು ಗಂಟೆ ಹಾರುವಷ್ಟಿದೆ," ಎಂದ ಪೈಲಟ್. "ಹಿಂದೆ ಕೂತವರು ಏನೋ ಕೇಳಬೇಕಂತೆ."

ಕರಕರ ಸದ್ದಾಗಿ ಮಾವನ ದನಿ ಬಂತು. ಮೋಡಗಳ ಕೆಳಗಿನಿಂದ, ತೊಟ್ಟಿಯೊಳಗಿಂದ ಬಂದ ಹಾಗೆ, ಆದರೆ ಮಾವನದೇ. ಆರ್ಲಿಸ್ ನನ್ನ ಕೈ ಹಿಡಿದುಕೊಂಡಳು. ಪ್ರತಿಜ್ಞೆ ನೆರವೇರಿತ್ತು!

"ಲಾರಿ ಯಾಕಮ್ಮ ರನ್‌ವೇಲಿದೆ?"

"ನಿಮ್ಮ ಎಂಜಿನ್ ನಿಂತಿದೆ ಅಂತ ಒಬ್ಬರು ಸ್ಕ್ಯಾನರ್‌ನಲ್ಲಿ ಕೇಳಿ ಹೇಳಿದ್ರು."

"ಯಾರದು?"

"ನಿಮ್ಮ ಅಳಿಯನಂತೆ."

ನಲವತ್ತು ಜನ ನನ್ನ ಕಡೆ ತಿರುಗಿ ನೋಡಿದರು.

"ಹೌದು, ನನ್ನ ಅಳಿಯನೇ," ಎಂದರು ಮಾವ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ! ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ರೇಡಿಯೋ ಮತ್ತೆ ಕರಕರ ಎಂದಿತು.

"ಲೆನೋರಮ್ಮ, ನಾವಿಲ್ಲಿ ಸುಖವಾಗಿದ್ದೀವಿ, ಇಳಿಯೋ ಅವಸರ ಇಲ್ಲ. ಆ ಲಾರಿ ರಿಪೇರಿ ಮಾಡೋಕೂ ಅವನನ್ನೇ ಬಿಡಿ, ಸಂಜೆವರೆಗೂ ಹಾರಬಹುದು."