ಒರಾಂಗುಟಾನೂ ನೆಕ್ಕರಿಕೆ ಪೊದೆಯೂ ನಡೆಸಿದ ಸಂಧಾನ

ಈ ಸಲ ನನ್ನ ದುರಿಯನ್ ಮರದ ಒಂದೇ ಒಂದು ಹಣ್ಣೂ ಆ ಒರಾಂಗುಟಾನಿನ ಬಾಯಿಗೆ ಬೀಳಬಾರದು! ಹೀಗೆಂದು ಶಪಥ ಮಾಡಿ, ಸದ್ದು ಮಾಡಿ ಪ್ರಾಣಿ ಓಡಿಸುವ ಬಿದಿರಿನ ಫಿರಂಗಿ ಹೊತ್ತು ಹಿತ್ತಲಿಗೆ ದಂಡೆತ್ತಿ ಹೋದೆ. ಹೋದ ಸಲ ನನ್ನ ಪಾಲಿಗೆ ಬಂದದ್ದು ಬರೀ ಸಿಪ್ಪೆ.

ಮಹಾರಾಯ ಆಗಲೇ ಮರದ ಮೇಲೆ ಪಟ್ಟಕ್ಕೆ ಕೂತಿದ್ದ. ಕೆಳಗೆ ಕೈಕಟ್ಟಿ ನಿಂತಿದ್ದವನು ಅರಣ್ಯ ಕಾವಲುಗಾರ ನಲ್ಸಾಲ್. ನನ್ನ ಸ್ವಂತ ಅಳಿಯ!

ನಮ್ಮ ಸುಮಾತ್ರಾದ ಕರೋ ಜನರಲ್ಲಿ ಅತ್ತೆ ಅಳಿಯ ನೇರವಾಗಿ ಮಾತಾಡುವಂತಿಲ್ಲ. ಮಧ್ಯೆ ಒಬ್ಬರು ಬೇಕು. ಮಗಳು ಮಲೆಮ್ತಾ ಸಂತೆಗೆ ಹೋಗಿದ್ದಳು. ಯಾರೂ ಇಲ್ಲದಾಗ ಕಂಬವೋ ಕೊಡವೋ ಆದೀತು. ನಾನು ಪಕ್ಕದಲ್ಲಿ ನೇರಳೆ ಬಣ್ಣದ ಪುಟ್ಟ ಹಣ್ಣು ಬಿಟ್ಟಿದ್ದ ನೆಕ್ಕರಿಕೆ ಪೊದೆಯನ್ನು ಹಿಡಿದೆ.

"ಏ ಪೊದೆ, ಆ ಮನುಷ್ಯನಿಗೆ ಪಕ್ಕಕ್ಕೆ ಸರಿಯೋಕೆ ಹೇಳು."

ನಲ್ಸಾಲ್ ತಲೆಯೆತ್ತಿ ಒರಾಂಗುಟಾನಿಗೆ ಹೇಳಿದ: "ಅಣ್ಣಾ, ಅತ್ತೆಯವರಿಗೆ ಹೇಳಪ್ಪ. ನಿನ್ನ ಕುಲದಲ್ಲಿ ಉಳಿದಿರೋದೇ ಬೆರಳೆಣಿಕೆ. ಹೆದರಿಸಬಾರದಂತೆ."

"ಪೊದೆಯೇ, ಹೆಜ್ಜೆಗೊಂದು ಹುಟ್ಟಿದ್ದೇ ನಿನ್ನ ತಪ್ಪಾಯ್ತಾ? ಹೊಟ್ಟೆ ಕೆಟ್ಟಾಗ ಇವರು ಓಡಿ ಬಂದು ಕೀಳೋದು ನಿನ್ನ ಎಲೇನಾ, ಆ ಮಹಾರಾಯನ ಕೂದಲಾ? ಕೇಳು!"

"ಅಣ್ಣಾ, ಪೊದೆ ಕಡಿದರೆ ಒಂದು ಮಳೆಗೆ ಮತ್ತೆ ಚಿಗುರುತ್ತೆ. ನೀನು ಚಿಗುರ್ತೀಯಾ? ಅದನ್ನೂ ಹೇಳು."

ಫಿರಂಗಿಗೆ ಬೆಂಕಿ ಇಟ್ಟೆ.

ಢಮಾರ್! ಒರಾಂಗುಟಾನ್ ಕಣ್ಣು ಕೂಡ ಮಿಟುಕಿಸಲಿಲ್ಲ. ಬೆಚ್ಚಿ, ಹಿಮ್ಮುಖವಾಗಿ ಹಾರಿ ಪೊದೆಯೊಳಗೆ ಅಂಗಾತ ಬಿದ್ದವಳು ನಾನು! ಮುಖವೆಲ್ಲ ಮಸಿ, ಬೆನ್ನೆಲ್ಲ ಪೊದೆಯ ಹಣ್ಣಿನ ನೇರಳೆ ಬಣ್ಣ. ಪಾಪ, ಅಳಿಯ ಕೈಹಿಡಿದು ಎಬ್ಬಿಸುವಂತೆಯೂ ಇಲ್ಲ. ಕೋಲೊಂದನ್ನು ಚಾಚಿದ.

"ಪೊದೆಯಮ್ಮಾ, ನಿನ್ನ ಮಡಿಲಲ್ಲಿ ಇರೋರಿಗೆ ಈ ತುದಿ ಹಿಡ್ಕೊಳ್ಳೋಕೆ ಹೇಳು."

ನಾನು ಎದ್ದು ಲುಂಗಿಯಂತೆ ಸುತ್ತಿದ್ದ ಸರೋಂಗ್ ಕೊಡವಿಕೊಳ್ಳುವಷ್ಟರಲ್ಲಿ ಮಹಾರಾಯ ಮರವನ್ನೇ ಬೋಳಿಸಿದ್ದ. ಕೊನೆಯ ಹಣ್ಣೊಂದು ಅವನ ಕೈ ತಪ್ಪಿ ದೊಪ್ಪೆಂದು ಬಿತ್ತು. ನಲ್ಸಾಲ್ ಮಚ್ಚಿನಿಂದ ಸೀಳಿದ. ಒಳಗೆ ಬೆಣ್ಣೆಯಂಥ ತೊಳೆಗಳು! ಹಿತ್ತಲೆಲ್ಲ ಘಮ್ಮೆಂದಿತು. ಅಷ್ಟೆಲ್ಲ ಜಗಳವಾಡಿ ಈಗ ಪೊದೆಯ ಮೂಲಕ ಹಣ್ಣು ಬೇಡುವುದೇ? ಮುಖ ತಿರುಗಿಸಿ ನಿಂತೆ.

"ಅಣ್ಣಾ, ಅತ್ತೆಯವರಿಗೆ ಬೇಡವೇನೋ. ಇದನ್ನೂ ನಿನಗೇ ಇಟ್ಟುಬಿಡಲಾ?"

"ಯಾರೋ ಬೇಡ ಅಂದಿದ್ದು, ಅಳಿಯಾ! ಕೊಡೋ ಇಲ್ಲಿ!"

ಅಯ್ಯೋ! ಮಗಳ ಮದುವೆಯಾದಾಗಿನಿಂದ ಜೋಪಾನ ಮಾಡಿದ್ದ ಮರ್ಯಾದೆ ಒಂದು ತೊಳೆಗೆ ಜಾರಿಹೋಯಿತು! ನಲ್ಸಾಲ್ ನನ್ನ ಕಡೆ ತಿರುಗಲೇ ಇಲ್ಲ. ಹಣ್ಣನ್ನು ನನ್ನ ಮುಂದೆ ನೆಲದಲ್ಲಿಟ್ಟು, ಗಂಭೀರವಾಗಿ ಮೇಲೆ ನೋಡಿದ.

"ಅಣ್ಣಾ, ಈಗ ಮಾತಾಡಿದ್ದು ನೀನೇನಾ?"

ಬಾಯಿತುಂಬ ಹಣ್ಣು ತುಂಬಿಕೊಂಡು, ನಾನೂ ಒರಾಂಗುಟಾನಿನ ಕಡೆಗೇ ಬೆರಳು ತೋರಿಸಿದೆ.