ಹೊಸ್ತಿಲು ಮುಟ್ಟದ ಗೌಂಡಿ

ನಮ್ಮ ಗೌಂಡಿಗೆ ಗೋಡೆ ಕಟ್ಟಲು ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ನಾನು ಆಣೆ ಮಾಡಿ ಹೇಳಲಾರೆ. ಒಡೆಯಲು ಮಾತ್ರ ಬರುತ್ತದೆ! ಸುತ್ತಿಗೆ ಕೈಗೆ ಬಂತೆಂದರೆ ಆ ಮುಖದಲ್ಲಿ ಮದುವೆ ಮನೆಯ ಕಳೆ.

ನಾಸಿಕದಲ್ಲಿ ಗೌಂಡಿಗಳಿಗೇನು ಬರವೇ? ಈತ ಆಳಂದದ ಕಡೆಯವನು, ನಮ್ಮ ಕಲಬುರಗಿ ಜಿಲ್ಲೆಯವನು, ಕನ್ನಡ ಮಾತಾಡುತ್ತಾನೆ ಎಂಬ ಒಂದೇ ಗುಣಕ್ಕೆ ಮರುಳಾಗಿ ಕೆಲಸ ಒಪ್ಪಿಸಿದೆ. ಮರಾಠಿಯಲ್ಲಿ ಜಗಳವಾಡಿ ಸಾಕಾಗಿತ್ತು. ಒಮ್ಮೆಯಾದರೂ ಮಾತೃಭಾಷೆಯಲ್ಲಿ ಜಗಳವಾಡುವ ಆಸೆಯಿತ್ತು. ಅದು ಧಾರಾಳವಾಗಿ ಪೂರೈಸಿತು.

ಕೆಲಸವೇನು ದೊಡ್ಡದಲ್ಲ. ಛತ್ರಪತಿ ಸಂಭಾಜಿನಗರದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದ ಅವ್ವ ಅಲ್ಲಿ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಈಗ ವಾಕರ್ ಹಿಡಿದು ನಡೆಯುತ್ತಾಳೆ. ಅವಳನ್ನು ಕರೆತರುವ ಮೊದಲು ಬಚ್ಚಲು ಸರಿಮಾಡಿಸಬೇಕು, ನಮ್ಮ ಬಾಗಿಲ ಹೊಸ್ತಿಲು ತೆಗೆಸಿ ನೆಲ ಸಮ ಮಾಡಿಸಬೇಕು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ನನ್ನ ನಿದ್ದೆ ಕೆಡಿಸಿತ್ತು.

ಗೌಂಡಿ ಬಂದವನೇ ಬಚ್ಚಲು ಒಡೆದ. ಸರಿ. ಪಕ್ಕದ ಗೋಡೆಯನ್ನೂ ಒಡೆದ. ಒಳಗಿನ ಪೈಪು ಹೇಗಿದೆ ನೋಡಬೇಕಿತ್ತಂತೆ. ಅವನು ಸುತ್ತಿಗೆ ಬೀಸುವವರೆಗೆ ಪೈಪು ಚೆನ್ನಾಗಿಯೇ ಇತ್ತು! ಆಮೇಲೆ ನೆರೆಯವರ ಮನೆಯಿಂದ ಕೊಡ ಹೊತ್ತೆವು. ಚಹಾದಲ್ಲಿ ಸಿಮೆಂಟು, ಅನ್ನದಲ್ಲಿ ಸಿಮೆಂಟು. ನಮ್ಮ ಹೊಟ್ಟೆಯಲ್ಲೇ ಒಂದು ಗೋಡೆ ಏಳುತ್ತಿದೆ ಎಂದಳು ನನ್ನ ಹೆಂಡತಿ. ನಗುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಹಿಂದಿನ ಗೌಂಡಿಗಳನ್ನು ಬೈಯುವುದು ಅವನ ಇನ್ನೊಂದು ಚಾಳಿ. ಒಂದು ದಿನ ಎದುರು ಮನೆಯ ಕಟ್ಟೆ ನೋಡಿ, ಇದನ್ನು ಕಣ್ಣು ಮುಚ್ಚಿಕೊಂಡು ಕಟ್ಟಿದ್ದಾರೆ ಎಂದು ಹಿಂದಿಯಲ್ಲಿ ಶುರುಮಾಡಿದ. ಚಹಾ ಆರುವವರೆಗೆ ಬೈದ. ಎದುರು ಮನೆಯ ಯಜಮಾನರು ಹೊರಬಂದು, ಕಟ್ಟಿದ್ದು ನೀನೇ ಅಲ್ಲವೇನಪ್ಪಾ ಎಂದು ಕೇಳಿದರು. ಗೌಂಡಿ ಕಟ್ಟೆಯನ್ನು ಇನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದ. "ಹಂಗಾದ್ರ ಗಟ್ಟಿ ಅದರಿ."

ಕಂಡದ್ದನ್ನೆಲ್ಲ ಒಡೆಯುವ ಈ ಮಹಾರಾಯ, ಒಡೆ ಎಂದ ಹೊಸ್ತಿಲನ್ನು ಮಾತ್ರ ಮುಟ್ಟಲೊಲ್ಲ! ಒಂದು ದಿನ ಅಮಾವಾಸ್ಯೆ. ಇನ್ನೊಂದು ದಿನ ಉಳಿ ಮೊಂಡಾಗಿದೆ. ಮತ್ತೊಂದು ದಿನ ಆಸಾಮಿಯೇ ದಿಂಡೋರಿ ಊರಲ್ಲಿ, ಬೇರೆಯವರ ಕೆಲಸಕ್ಕೆ. ಬಚ್ಚಲು ಹೇಗೋ ಮುಗಿಯಿತು, ಹೊಸ್ತಿಲು ಹಾಗೇ ಉಳಿಯಿತು. ಕೊನೆಗೆ ನಾನು ಗದರಿದಾಗ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಅರಿಸಿನ ಹಿಡಿದು ಹಳದಿಯಾಗಿದ್ದ ಕಟ್ಟಿಗೆಯನ್ನು ಬೆರಳಿಂದ ಉಜ್ಜಿದ.

"ಅವ್ವಾರು ದಿನಾ ಪೂಜಿ ಮಾಡ್ತಿದ್ರೇನ್ರಿ?"

ಈ ಮನೆಗೆ ಬಂದಂದಿನಿಂದ ಇಲ್ಲಿದ್ದಷ್ಟು ದಿನ ಒಂದು ಬೆಳಗೂ ತಪ್ಪಿಸಿಲ್ಲ ಎಂದೆ. ವಾಕರ್ ಹಿಡಿದು ನಿಂತರೆ ಅವರ ಕೈ ಎಲ್ಲಿಗೆ ಬರುತ್ತದೆ ಎಂದು ಕೇಳಿದ. ಹೊಸ್ತಿಲು ತೆಗೆ ಎಂದರೆ ಕೈಯ ಅಳತೆ ಯಾಕೆ? ವಾದಿಸುವ ಶಕ್ತಿಯಿಲ್ಲದೆ ಗೋಡೆಯ ಮೇಲೆ ಆ ಎತ್ತರ ತೋರಿಸಿ, ಮರುದಿನ ಅವ್ವನನ್ನು ಕರೆತರಲು ಹೋದೆ.

ಹಿಂದಿರುಗುವಾಗ ಯೇವಲಾ ದಾಟುವವರೆಗೂ ಅವ್ವನದು ಒಂದೇ ಮಾತು. "ಹೊಸ್ತಲಾ ತೆಗಸಿದಿ ಏನೋ? ಇನ್ನ ಮುಂಜಾನೆದ್ದು ನಾ ಎಲ್ಲಿ ಕುಂಕಮ ಹಚ್ಚಲಿ?"

ನಿನಗೆ ಸೊಂಟ ಮುಖ್ಯವೋ ಹೊಸ್ತಿಲು ಮುಖ್ಯವೋ ಎಂದು ರೇಗಿದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಮನೆ ಮುಟ್ಟಿದಾಗ ಬಾಗಿಲಲ್ಲಿ ಹೊಸ್ತಿಲಿರಲಿಲ್ಲ, ನೆಲ ಅಂಗೈಯಷ್ಟು ನುಣುಪು. ಆದರೆ ಬಾಗಿಲ ಪಕ್ಕ, ಹೊಸ ಬಣ್ಣದ ಗೋಡೆಗೆ ಹಳೆಯದೊಂದು ಕಟ್ಟಿಗೆ ತುಂಡು ಬಡಿದಿದ್ದ ಗೌಂಡಿ! ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಆ ಹಳದಿ ಕಲೆಯನ್ನು ಗುರುತು ಹಿಡಿದಳು. ನಮ್ಮ ಹೊಸ್ತಿಲಿನದೇ ತುಂಡು, ಸರಿಯಾಗಿ ಅವಳ ಕೈಯೆತ್ತರಕ್ಕೆ.

ಗೌಂಡಿ ಅಂಗಿಗೆ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದ. "ಇನ್ನ ಬಗ್ಗೂದು ಬ್ಯಾಡ್ರಿ ಅವ್ವಾ. ನಿಂತಲ್ಲೇ ಹಚ್ಚರಿ."

ಅವ್ವ ವಾಕರ್‌ನಿಂದ ಒಂದು ಕೈ ಬಿಡಿಸಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಿದ್ದ ಮೇಲೆ ಅವಳು ಹೀಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಕುಂಕುಮದ ಡಬ್ಬಿ ತರಲು ನಾನೇ ಒಳಗೆ ಓಡಿದೆ.